ಗಂಟೆ ಹೊಡೆಯದ ದೊಡ್ಡ ಗಡಿಯಾರ

ವೀಕೆಂಡಿಗೆ ಮೈಸೂರಿಗೆ ಹೋಗಿ ಬಂದವರ ಮೊಬೈಲಲ್ಲಿ ದೊಡ್ಡ ಗಡಿಯಾರದ ಫೋಟೋ ಒಂದಾದರೂ ಇರುತ್ತೆ. ಅದರ ಸದ್ದು ಮಾತ್ರ ಇರಲ್ಲ. ಗಂಟೆ ಹೊಡೆಯೋದನ್ನ ನಿಲ್ಲಿಸಿ ಎಷ್ಟೋ ವರ್ಷಗಳಾದವು. ಅದರ ಕಂಪನದಿಂದ ಗೋಪುರಕ್ಕೆ ಅಪಾಯ ಅನ್ನೋದು ಕಾರಣ. ಸಂರಕ್ಷಣೆಯ ಹೆಸರಲ್ಲಿ ನಾವು ಆಡೋ ಮಾತುಗಳ ಬಗ್ಗೆ ನನ್ನ ತಕರಾರು ಶುರುವಾಗೋದೇ ಇಲ್ಲಿಂದ.

ಮೈಸೂರಿನ ಹಳೇ ಗಡಿಯಾರ ಗೋಪುರಗಳು ಎರಡು. ದೇವರಾಜ ಮಾರುಕಟ್ಟೆ ಮುಂದಿನ ಚಿಕ್ಕ ಗಡಿಯಾರ 1886ರದ್ದು, ವೈಸರಾಯ್ ಡಫರಿನ್ ಬಂದ ನೆನಪಿಗೆ ಕಟ್ಟಿದ್ದು. ದೊಡ್ಡದರ ಕಥೆಯೇ ಬೇರೆ. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಅರಮನೆ ನೌಕರರು ದುಡ್ಡು ಸೇರಿಸಿ ಎತ್ತಿಸಿದ 75 ಅಡಿ ಗೋಪುರ ಅದು. ಮುಖದ ಮೇಲಿರೋದು ಕನ್ನಡ ಅಂಕಿಗಳು. ಓದು ಬರೋರಿಗೆ ಅದಾಯ್ತು. ಓದು ಬಾರದವರಿಗೆ, ಅಡುಗೆಮನೆಯಿಂದ ಆಚೆ ಬರಲಾಗದವರಿಗೆ ಗಂಟೆ. ನಮ್ಮೂರ ಇಸ್ಕೂಲಲ್ಲಿ ನೇತು ಹಾಕಿದ್ದ ರೈಲು ಕಂಬಿ ತುಂಡಿನ ಕೆಲಸವೂ ಇದೇ. ಅದು ಢಣ್ ಅಂದ್ರೆ ಹೊಲದಲ್ಲಿ ಬಗ್ಗಿದ್ದೋರಿಗೂ ಹೊತ್ತು ಗೊತ್ತಾಗ್ತಿತ್ತು.

ಹಾಗಂತ ಭಯ ಸುಳ್ಳೇನಲ್ಲ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಹಾಗಾಗಿ ಗಂಟೆ ನಿಲ್ಲಿಸಿದ್ದೇ ತಪ್ಪು ಅನ್ನಲಾರೆ. ಒಂದು ಫೀಚರ್ ಸರ್ವರನ್ನೇ ಮಲಗಿಸ್ತಿದ್ರೆ ನಾವೂ ಮೊದಲು ಅದನ್ನ ಆಫ್ ಮಾಡ್ತೀವಿ. ಆದ್ರೆ ಟಿಕೆಟ್ ಕ್ಲೋಸ್ ಮಾಡಲ್ಲ! ಇಲ್ಲಿ ಕ್ಲೋಸ್ ಆದಂಗಿದೆ. ಬಿರುಕು, ಸುಣ್ಣಬಣ್ಣ, ದಸರಾ ದೀಪ, ಎಲ್ಲದರ ಬಗ್ಗೆ ಮಾತಾಡ್ತೀವಿ. ಗಂಟೆ ಮತ್ತೆ ಹೊಡೀಲಿ ಅಂತ ಕೇಳೋರು ಎಷ್ಟು ಜನ?

ಲಂಡನ್ನಿನ ಬಿಗ್ ಬೆನ್ ನೋಡಿ. 1859ರಲ್ಲಿ, ಹೊಡೆಯೋಕೆ ಶುರುಮಾಡಿದ ಕೆಲವೇ ತಿಂಗಳಿಗೆ ಗಂಟೆ ಬಿರುಕು ಬಿಟ್ಟಿತು. ಸುಮಾರು ನಾಲ್ಕು ವರ್ಷ ಅದು ಸುಮ್ಮನಿತ್ತು. ಆಮೇಲೆ ಗಂಟೆಯನ್ನ ಸ್ವಲ್ಪ ತಿರುಗಿಸಿ, ಹಗುರವಾದ ಸುತ್ತಿಗೆ ಹಾಕಿ ಮತ್ತೆ ಹೊಡೆಸಿದರು. ಬಿರುಕು ಇವತ್ತಿಗೂ ಇದೆ, ಸದ್ದೂ ಇದೆ. ಅಲ್ಲಿ ಒಡೆದದ್ದು ಗಂಟೆ, ಇಲ್ಲಿ ಚಿಂತೆ ಗೋಪುರದ್ದು. ಎರಡೂ ಒಂದೇ ಅಲ್ಲ, ಒಪ್ಪಿದೆ. ಆದ್ರೂ ಹಗುರ ಸುತ್ತಿಗೆಯಲ್ಲಿ ದಿನಕ್ಕೆ ಒಂದೇ ಸಲ ಹೊಡೆದರೆ ಗೋಡೆ ಎಷ್ಟು ಅದುರುತ್ತೆ, ಗಂಟೆಯನ್ನ ಬೇರೆ ಚೌಕಟ್ಟಿಗೆ ತೂಗು ಹಾಕಿದ್ರೆ ಎಷ್ಟು ಕಮ್ಮಿಯಾಗುತ್ತೆ ಅಂತ ಸೆನ್ಸರ್ ಇಟ್ಟು ಅಳೆಯಬಹುದು. ಇದೇನು ರಾಕೆಟ್ ಹಾರಿಸೋ ಕೆಲಸವಲ್ಲ. (ರೆಕಾರ್ಡ್ ಮಾಡಿ ಸ್ಪೀಕರಲ್ಲಿ ಹಾಕಿಬಿಡಿ ಅನ್ನೋರೂ ಸಿಗ್ತಾರೆ. ಅದಕ್ಕಿಂತ ಈಗಿನ ಮೌನವೇ ವಾಸಿ.)

ಮುಂದೆ ಯಾವಾಗಲಾದರೂ ದುರಸ್ತಿಯ ಅಂದಾಜು ಪಟ್ಟಿ ಬರೆಯುವಾಗ ಗಂಟೆಗೂ ಒಂದು ಸಾಲು ಇರಲಿ. ಆಗಲ್ಲ ಅಂತಾದ್ರೆ, ಎಷ್ಟು ಕಂಪನಕ್ಕೆ ಆಗಲ್ಲ ಅನ್ನೋ ಲೆಕ್ಕವನ್ನಾದ್ರೂ ಊರಿನವರ ಮುಂದಿಡಲಿ.