ನೀರು ತೋರಿಸುವ ನಕ್ಷೆ

ನಮ್ಮ ತಾತಂದಿರಿಗೆ ನಕ್ಷೆ ಅಂದ್ರೆ ಶಾನುಭೋಗರ ಪೆಟ್ಟಿಗೆಯೊಳಗಿನ ಕಾಗದ. ಅದು ಹೊರಗೆ ಬಂದಾಗೆಲ್ಲ ಬಡವನ ಹೊಲ ಒಂದಿಷ್ಟು ಚಿಕ್ಕದಾಗುತ್ತಿತ್ತು. ಅಂಥ ಮನೆಗಳಿಂದ ಬಂದ ನಾವು, ನಕ್ಷೆಯನ್ನೇ ಕಲೆ ಮಾಡಿಕೊಂಡವರನ್ನು ಅನುಮಾನದಿಂದಲೇ ನೋಡುತ್ತೇವೆ. ಆದರೆ ಅಮೆರಿಕ–ಮೆಕ್ಸಿಕೊ ಗಡಿಯ ಒಂದು ಕೃತಿಯನ್ನು ಹಾಗೆ ತಳ್ಳಿಹಾಕಲು ನಮ್ಮಿಂದ ಆಗಲಿಲ್ಲ.

1994ರಲ್ಲಿ ಅಮೆರಿಕ ಸರ್ಕಾರ 'ಆಪರೇಷನ್ ಗೇಟ್‌ಕೀಪರ್' ಅಂತ ಹೆಸರಿಟ್ಟು ಸ್ಯಾನ್ ಡಿಯೇಗೊ ಬಳಿಯ ಗಡಿಯನ್ನು ಬಿಗಿ ಮಾಡಿತು. ಕೂಲಿ ಹುಡುಕಿ ಬರುವವರು ನಿಲ್ಲಲಿಲ್ಲ. ಪೂರ್ವದ ಬೆಟ್ಟ, ಮರುಭೂಮಿಗಳ ದಾರಿ ಹಿಡಿದರು. ಬಿಸಿಲಿಗೆ, ಬಾಯಾರಿಕೆಗೆ ಸತ್ತರು. ಕೊಂದದ್ದು ಸೂರ್ಯ, ಸರ್ಕಾರವಲ್ಲ! ಕೆಲವು ಸೇವಾ ತಂಡಗಳು ಅಲ್ಲಲ್ಲಿ ನೀರಿಟ್ಟವು. ಅದು ಎಲ್ಲಿದೆ ಅಂತ ನಡೆಯುವವನಿಗೆ ತಿಳಿಯೋದು ಹೇಗೆ?

2007ರ ಸುಮಾರಿಗೆ ರಿಕಾರ್ಡೊ ಡೊಮಿಂಗೆಜ್, ಬ್ರೆಟ್ ಸ್ಟಾಲ್‌ಬಾಮ್ ಮತ್ತು ಸಂಗಾತಿಗಳು 'ಟ್ರಾನ್ಸ್‌ಬಾರ್ಡರ್ ಇಮಿಗ್ರಂಟ್ ಟೂಲ್' ಕಟ್ಟಲು ಹೊರಟರು. ಅಗ್ಗದ ಮೊಟೊರೊಲಾ ಫೋನು. ಜಿಪಿಎಸ್ ಹಿಡಿದು ಹತ್ತಿರದ ನೀರಿನ ದಿಕ್ಕು ತೋರಿಸಬೇಕು. ಜೊತೆಗೆ ಏಮಿ ಸಾರಾ ಕ್ಯಾರಲ್ ಬರೆದ ಕವಿತೆಗಳು. ಮರುಭೂಮಿಯಲ್ಲಿ ಜೀವ ಉಳಿಸಿಕೊಳ್ಳೋದು ಹೇಗೆ ಅನ್ನೋದೇ ಅವುಗಳ ವಸ್ತು.

ಗಂಟಲು ಒಣಗಿದವನಿಗೆ ಕವಿತೆ ಯಾಕೆ? ನಾವೂ ಕವಿತೆ ಬರೆಯುವವರೇ, ಈ ಪ್ರಶ್ನೆ ನಮಗೂ ಚುಚ್ಚುತ್ತದೆ. ಆದರೆ ನಾಟಿ ಹಾಡುವ ಹೆಂಗಸರನ್ನು ಕೆಸರುಗದ್ದೆಯಲ್ಲಿ ಯಾರೂ ಹೀಗೆ ಕೇಳಿಲ್ಲ. ಅಲ್ಲಿ ಹಾಡು ಕೆಲಸದ್ದೇ ಭಾಗ. ಇಲ್ಲೂ ಹಾಗೇ ಅನ್ನಿಸುತ್ತದೆ. ಸರ್ಕಾರದ ನಕ್ಷೆಯಲ್ಲಿ ಗಡಿಗೆರೆ ದಪ್ಪಗಿರುತ್ತದೆ, ನೀರಿನ ಡ್ರಮ್ಮು ಇರೋದಿಲ್ಲ. ಇವರು ಅದನ್ನು ತಿರುಗಿಸಿಹಾಕಿದರು. ಈ ಕೃತಿಯ ಬಂಡಾಯ ಇರುವುದು ಇಲ್ಲಿ.

ನಮ್ಮ ತಕರಾರೂ ಇದೆ. 2010ರಲ್ಲಿ ವಿಶ್ವವಿದ್ಯಾಲಯವೇ ತನಿಖೆಗಿಳಿಯಿತು. ಫೋನು ಗ್ಯಾಲರಿಗಳನ್ನು ಕಂಡಿತು. ನಡೆಯುವವರ ಕೈಗೆ ಹಂಚುವ ಕಾಲ ಬರಲೇ ಇಲ್ಲ. ಇನ್ನೊಂದು: ಜಿಪಿಎಸ್ ಅಮೆರಿಕದ ಸೈನ್ಯದ್ದು. 2000ದ ಮೇ ತಿಂಗಳವರೆಗೂ ಜನಸಾಮಾನ್ಯರಿಗೆ ಸಿಗುವ ಸಂಕೇತವನ್ನು ಅವರು ಬೇಕೆಂದೇ ಮಸುಕು ಮಾಡಿದ್ದರು. ಬೇಲಿ ಹಾಕಿದ ಗೌಡನ ಮನೆಯ ಲಾಂದ್ರವನ್ನೇ ಕಡ ತಂದು ಬೇಲಿ ದಾಟಬೇಕು. ಕಲಾವಿದರಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಬೇರೆ ಲಾಂದ್ರ ಎಲ್ಲಿತ್ತು?

ಊರ ಬಾವಿ ಎಲ್ಲಿದೆ ಅಂತ ನಮ್ಮಜ್ಜಿಗೆ ಯಾವ ಉಪಗ್ರಹವೂ ಹೇಳಬೇಕಿರಲಿಲ್ಲ. ಗೊತ್ತಿದ್ದೂ ದೂರ ನಿಂತು, ಯಾರಾದರೂ ಕೊಡಕ್ಕೆ ಹುಯ್ಯಲಿ ಅಂತ ಕಾಯುತ್ತಿದ್ದಳು. ಅರಿಜೋನಾದ ಮರುಭೂಮಿಯಲ್ಲಿ ಇಟ್ಟ ನೀರಿನ ಕ್ಯಾನುಗಳನ್ನು ಗಡಿ ಕಾವಲಿನವರೇ ಒದ್ದು ಚೆಲ್ಲುವ ದೃಶ್ಯಗಳನ್ನು 'ನೋ ಮೋರ್ ಡೆತ್ಸ್' ಸಂಘಟನೆ 2018ರ ಜನವರಿಯಲ್ಲಿ ಹೊರಗಿಟ್ಟಿತು. ಆ ಬೂಟುಕಾಲು ಎಲ್ಲಿದೆ ಅಂತ ಈ ಫೋನು ತೋರಿಸುತ್ತಿರಲಿಲ್ಲ.