ಅಂಗಡಿಯವನಿಗೂ ಕಿವಿ ಬೇಕು

ಕಳೆದ ದೀಪಾವಳಿಗೆ ಬೋನಸ್ ಬಂದಿತ್ತು. ಬಹಳ ದಿನದಿಂದ ಮನಸ್ಸಿನಲ್ಲಿದ್ದ ಒಂದು ಜೋಡಿ ಸ್ಪೀಕರ್, ಒಂದು ಆಂಪ್ಲಿಫೈಯರ್ ತಗೊಂಡೇ ಬಿಡೋಣ ಅಂತ ಬೆಂಗಳೂರಿನ ಒಂದು ದೊಡ್ಡ ಆಡಿಯೋ ಅಂಗಡಿಗೆ ಹೋದೆ. ಹಿಪ್ಪರಗಿಯಿಂದ ಬಂದಿದ್ದ ಅಪ್ಪನೂ ಜೊತೆಗಿದ್ದ.

ಎಸಿ ಕೋಣೆ, ಚರ್ಮದ ಸೋಫಾ, ಗೋಡೆಗೆ ದಪ್ಪ ಫೋಮು. ಸೇಲ್ಸ್ ಹುಡುಗ 'ಹೋಟೆಲ್ ಕ್ಯಾಲಿಫೋರ್ನಿಯಾ'ದ 1994ರ ಲೈವ್ ಹಚ್ಚಿದ. ಇಂಥ ಅಂಗಡಿಗಳಲ್ಲಿ ಇದು ಸುಪ್ರಭಾತ ಇದ್ದಂಗೆ. ಆಮೇಲೆ ಒಂದು ಜಾಝ್ ಹಾಕಿ, "ಸಿಂಬಲ್ ಕೇಳಿ ಸರ್, ಗಾಜು ಮುಟ್ಟಿದ ಹಾಗಿದೆ" ಅಂದ. ಬೆಲೆ 3.5 ಲಕ್ಷ.

ಅಪ್ಪ ಸ್ವಲ್ಪ ಹೊತ್ತು ಕೂತು, "ತಮ್ಮಾ, ಅಮೀರಬಾಯಿದೊಂದು ಹಾಡ ಹಚ್ಚಲಾ" ಅಂದ.

"ಅದು ತುಂಬಾ ಹಳೇ ರೆಕಾರ್ಡಿಂಗ್ ಅಂಕಲ್. ಈ ಸಿಸ್ಟಮ್ಮಿಗೆ ಸೂಟ್ ಆಗಲ್ಲ."

ಅಮೀರಬಾಯಿ ಕರ್ನಾಟಕಿ ನಮ್ಮ ಬೀಳಗಿಯವರು. 1943ರ 'ಕಿಸ್ಮತ್' ಸಿನಿಮಾದ ಹಾಡುಗಳಿಂದ ದೇಶಕ್ಕೆಲ್ಲ ಗೊತ್ತಾದವರು. ಅವರ ಹಾಡು ನುಡಿಸಲಾಗದ 3.5 ಲಕ್ಷದ ಯಂತ್ರ ನಮ್ಮ ಮನೆಯಲ್ಲಿ ಏನು ಮಾಡೀತು? ಆದರೆ ಆವತ್ತು ನನಗೆ ನಿಜವಾಗಿ ಚುಚ್ಚಿದ್ದು ಹೊರಗೆ ಬಂದ ಮೇಲೆ ಅಪ್ಪ ಆಡಿದ ಮಾತು: "ಅಂವಾ ಹೇಳಿದ ಗಾಜಿನ ಸಪ್ಪಳ ನನಗ ಕೇಳಸಲೇ ಇಲ್ಲಪಾ."

ಅಪ್ಪ 28 ವರ್ಷ ಬನಹಟ್ಟಿಯ ಪವರ್‌ಲೂಮಿನಲ್ಲಿ ದುಡಿದವನು. ಮಗ್ಗದ ಶೆಡ್ಡಿನೊಳಗೆ ಪಕ್ಕದವನ ಮಾತೂ ಕೇಳಿಸುವುದಿಲ್ಲ, ಕೈಸನ್ನೆಯಲ್ಲೇ ವ್ಯವಹಾರ. ದಿನಕ್ಕೆ 8 ಗಂಟೆ ಕೆಲಸ ಮಾಡುವ ಜಾಗದಲ್ಲಿ ಸದ್ದು 85 ಡೆಸಿಬಲ್ ದಾಟಬಾರದು ಅಂತಾರೆ ತಜ್ಞರು. ದಾಟಿದಲ್ಲಿ ವರ್ಷಗಟ್ಟಲೆ ದುಡಿದರೆ ಮೊದಲು ಸಾಯುವುದು 4,000 ಹರ್ಟ್ಜ್ ಆಸುಪಾಸಿನ ಕೇಳ್ಮೆ. ಸ, ಶ, ತ ಅಕ್ಷರಗಳ ಅಂಚು ಇರುವುದು ಆ ಕಡೆಗೇ. ನಾನು ಇಷ್ಟು ವರ್ಷ ಅಪ್ಪ ಟಿವಿ ಜೋರು ಮಾಡ್ತಾನೆ ಅಂತ ಸಿಡುಕಿದ್ದೆ, ಅಷ್ಟೇ.

ಹಾಗಾದರೆ ಒಳ್ಳೆ ಆಡಿಯೋ ಅಂಗಡಿ ಅಂದರೆ ಯಾವುದು? ನಾನು ಚಿಕ್ಕವನಿದ್ದಾಗ ಬನಹಟ್ಟಿಯಲ್ಲಿ ಒಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಟೇಪ್ ರೆಕಾರ್ಡರ್ ಕೊಳ್ಳಲು ಹೋದರೆ ಮಾಲಕರು, "ನಿಂದ ಕ್ಯಾಸೆಟ್ ತಗೊಂಡ ಬಾ, ಕೇಳಿ ಆಮ್ಯಾಲ ರೊಕ್ಕ ಕೊಡು" ಅನ್ನುತ್ತಿದ್ದರು. ಇವತ್ತಿಗೂ ನನ್ನ ಮೊದಲ ಪರೀಕ್ಷೆ ಅದೇ: ಗಿರಾಕಿಯ ಹಾಡು ಹಾಕ್ತಾರೋ ಇಲ್ಲವೋ?

ಎರಡನೇದು, ಎರಡು ಸ್ಪೀಕರ್ ಹೋಲಿಸುವಾಗ ವಾಲ್ಯೂಮ್ ಸಮ ಮಾಡ್ತಾರಾ? 1 ಡೆಸಿಬಲ್ ಜೋರಿದ್ದರೂ ನಮ್ಮ ಕಿವಿ ಅದನ್ನೇ 'ಚಲೋ ಐತಿ' ಅನ್ನುತ್ತದೆ. ದುಬಾರಿ ಮಾಲನ್ನು ಚೂರು ಜೋರಾಗಿ ನುಡಿಸಿ ಮಾರುವುದು ಸುಲಭ. ಮೂರನೇದು, ನಿಮ್ಮ ಮನೆ ಕೋಣೆ ಹೇಗಿದೆ ಅಂತ ಕೇಳ್ತಾರಾ? ಫೋಮು ಹಚ್ಚಿದ ಕೋಣೆಯಲ್ಲಿ ಕೇಳಿದ ಸ್ವರ, ಟೈಲ್ಸ್ ಹಾಕಿದ ನಮ್ಮ ಎರಡು ಬೆಡ್‌ರೂಮಿನ ಮನೆಯಲ್ಲಿ ಬೇರೆಯೇ ಆಗುತ್ತದೆ. ಸ್ಪೀಕರನ್ನು ಮೂಲೆಗೆ ತಳ್ಳಿದರೆ ಬೇಸ್ ಗುಮ್ಮೆನ್ನುತ್ತದೆ. ಅದಕ್ಕೇ ಎರಡು ದಿನ ಮನೆಗೆ ಕೊಟ್ಟು ಕಳಿಸುವ ಅಂಗಡಿ ನನಗೆ ದೊಡ್ಡದು. ಕೊನೇದು, 'ಇದು ನಿಮಗೆ ಬೇಡ' ಅನ್ನುವ ಧೈರ್ಯ. ಸ್ಪೀಕರಿಗಿಂತ ಕೇಬಲ್ಲಿನ ಗುಣಗಾನವೇ ಹೆಚ್ಚು ನಡೆಯುವ ಕಡೆ ಈ ಧೈರ್ಯ ಹುಡುಕಬೇಡಿ.

ಆಮೇಲೆ ಹೋದದ್ದು ಒಂದು ಸಣ್ಣ ಅಂಗಡಿಗೆ. ಹಳೇ ಮಾಲು, ರಿಪೇರಿ, ಎರಡು ಪ್ಲಾಸ್ಟಿಕ್ ಕುರ್ಚಿ. ಮಾಲಕರು ಅಪ್ಪನನ್ನು ಕೂರಿಸಿ ಅಮೀರಬಾಯಿ ಹಾಡು ಹಾಕಿದರು. ಒಂದು ಹಾಡು ಮುಗಿಯುವ ತನಕ ಯಾರೂ ಮಾತಾಡಲಿಲ್ಲ. ಆಮೇಲೆ ಅಪ್ಪನ ಕೆಲಸ ಏನಿತ್ತು ಅಂತ ಕೇಳಿ ತಿಳಿದು ನನಗೆ ಹೇಳಿದರು: "ಸ್ಪೀಕರ್ ಓಡಿ ಹೋಗಲ್ಲ. ಮೊದಲು ಇವರ ಕಿವಿ ತೋರಿಸಿ." ಆವತ್ತು ಅವರು ನನ್ನಿಂದ ಒಂದು ರೂಪಾಯಿ ವ್ಯಾಪಾರ ಮಾಡಲಿಲ್ಲ.

ತೋರಿಸಿದೆವು. ಆಡಿಯೋಗ್ರಾಮಿನ ಗೆರೆ 4,000ದ ಹತ್ತಿರ ಬಾವಿಗೆ ಬಿದ್ದಂತೆ ಇಳಿದಿತ್ತು. ಅಪ್ಪನಿಗೆ ಹಿಯರಿಂಗ್ ಏಡ್ ಬಂತು. ಎರಡು ತಿಂಗಳಾದ ಮೇಲೆ ಅದೇ ಸಣ್ಣ ಅಂಗಡಿಯಿಂದ ಬಳಸಿದ ಸ್ಪೀಕರ್ ಜೋಡಿಯೊಂದನ್ನು 38,000ಕ್ಕೆ ತಂದೆ.

ಅವು ಈಗ ಹಿಪ್ಪರಗಿ ಮನೆಯ ಪಡಸಾಲೆಯಲ್ಲಿವೆ. ಆ ಕಾಲದ ರೆಕಾರ್ಡುಗಳಲ್ಲಿ ತೀರ ಮೇಲಿನ ನಾದ ಇರುವುದೇ ಕಡಿಮೆ, ಹೆಚ್ಚಿನದೆಲ್ಲ ನಡುವಿನ ಕಂಠದಲ್ಲೇ. ಹಾಗಾಗಿ ಅಮೀರಬಾಯಿ ಹಾಡುವಾಗ ಅಪ್ಪನಿಗೂ ನನಗೂ ಕೇಳುವುದರಲ್ಲಿ ಬಹಳ ಫರಕಿಲ್ಲ. ಊರಿಗೆ ಹೋದಾಗ ಅಪ್ಪ, "ಬಾ, ಕೂಡು" ಅಂತಾನೆ. ಕೂಡ್ತೀನಿ.