ಬೊಲೊನ್ಯಾದ ಕೈಸಾಲೆಗಳು

ಇಟಲಿಯ ಬೊಲೊನ್ಯಾಗೆ ಓದಲು ಬಂದವರಿಗೆ ಮೊದಲ ವಾರದಲ್ಲೇ ತಿಳಿಯುತ್ತದೆ, ಇಲ್ಲಿ ಮಳೆ ಬಂದರೂ ಕೊಡೆ ಬಿಚ್ಚುವ ಪ್ರಸಂಗ ಕಡಿಮೆ. ಬಾಡಿಗೆ ಕೋಣೆ ಹುಡುಕುವುದು, ಸಿಮ್ ಕೊಳ್ಳುವುದು, ವಿಶ್ವವಿದ್ಯಾಲಯವಿರುವ ಜಾಂಬೋನಿ ಬೀದಿ ಮುಟ್ಟುವುದು, ಬಹುಪಾಲು ಎಲ್ಲವೂ ಕಂಬಸಾಲಿನ ಸೂರಿನಡಿಯೇ ಆಗಿಬಿಡುತ್ತದೆ. ಪೋರ್ಟಿಕೊ ಎನ್ನುವ ಈ ಕೈಸಾಲೆಗಳು ಒಟ್ಟು 62 ಕಿಲೋಮೀಟರ್ ಉದ್ದ ಇವೆ. 2021ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದವು.

ನನಗೆ ಹಿಡಿಸುವುದು ಇವು ಹುಟ್ಟಿಕೊಂಡ ಬಗೆ. 1088ರಲ್ಲಿ ಶುರುವಾಯಿತೆನ್ನುವ ವಿಶ್ವವಿದ್ಯಾಲಯ ಎಲ್ಲೆಲ್ಲಿಂದಲೋ ಹುಡುಗರನ್ನು ಸೆಳೆಯಿತು, ಊರಲ್ಲಿ ಜಾಗ ಸಾಲದಾಯಿತು. ಮನೆಯವರು ಮಹಡಿಯನ್ನು ಬೀದಿಯ ಮೇಲಕ್ಕೆ ಚಾಚಿ, ಅಡಿಗೆ ಕಂಬ ಕೊಟ್ಟರು. ನಮ್ಮ ಪಾಲಿಕೆಯವರಾದರೆ ಒತ್ತುವರಿ ಅಂತ ನೋಟಿಸು ಅಂಟಿಸುತ್ತಿದ್ದರು! ಬೊಲೊನ್ಯಾ 1288ರಲ್ಲಿ ಉಲ್ಟಾ ಕಟ್ಟಳೆ ಮಾಡಿತು: ಹೊಸ ಮನೆಗೆ ಪೋರ್ಟಿಕೊ ಇರಲೇಬೇಕು. ಜಾಗ ಮನೆಯವರದು, ಖರ್ಚೂ ಅವರದೇ, ನಡೆದಾಡುವ ಹಕ್ಕು ಮಾತ್ರ ಎಲ್ಲರದು. ಎತ್ತರ, ಕುದುರೆ ಸವಾರನ ತಲೆ ತಾಗದಷ್ಟು.

ಸ್ತ್ರಾದಾ ಮಜ್ಜೋರೆ ಬೀದಿಯ ಕಾಸಾ ಇಸೋಲಾನಿ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. 13ನೇ ಶತಮಾನದ ಮನೆ. ಸುಮಾರು 9 ಮೀಟರ್ ಎತ್ತರದ ಓಕ್ ಮರದ ಕಂಬಗಳು ಸೀಳು ಬಿಟ್ಟು ಕಪ್ಪಾಗಿವೆ. ಮೇಲಿನ ಅಂತಸ್ತನ್ನು ಇನ್ನೂ ಹೊತ್ತಿವೆ. ಅಮೃತಶಿಲೆಯ ಅರಮನೆಗಳಿಗಿಂತ ಈ ಒರಟು ದಿಮ್ಮಿಗಳೇ ಮೇಲು ಎಂಬುದು ನನ್ನ ಎಣಿಕೆ.

ಮೊಣಕಾಲು ಗಟ್ಟಿಯಿದ್ದವರು ಭಾನುವಾರ ಸಾನ್ ಲುಕಾ ಗುಡ್ಡ ಹತ್ತಬಹುದು. 666 ಕಮಾನು, ಸುಮಾರು 4 ಕಿಲೋಮೀಟರ್ ದಾರಿ, ಅಲ್ಲೂ ತುದಿಯವರೆಗೆ ತಲೆ ಮೇಲೆ ಸೂರು. ಟಿಕೆಟ್ಟಿನ ರಗಳೆಯಿಲ್ಲ, ಕೈಬಿಗಿ ಹಿಡಿದ ವಿದ್ಯಾರ್ಥಿಗೆ ಇನ್ನೇನು ಬೇಕು?